ಏಳನೇ ಕಲ್ಲು

ಇದು ನಡೆದದ್ದೇ ಹೌದು. ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಇವತ್ತೇ ಉದುರಿ ಹೋಗಲಿ. ನಾನು ಹೇಳುವ ಕಡಲ ದಡದ ಗಾಳಿ ಎಂಥದ್ದು ಗೊತ್ತೇ? ಇಲ್ಲಿ ಒಗೆದು ಹಾಕಿದ ಅಂಗಿ ಪಕ್ಕದೂರಿನವನ ಮೈಮೇಲೆ ಒಣಗುತ್ತಿತ್ತು.

ಅಲ್ಲಿ ಗುಡ್ಡದ ಮೇಲೆ ಗಾಳಿ ಅಳೆಯುವ ಆಫೀಸಿನಲ್ಲಿ ಒಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ಗಾಳಿಯಕ್ಕ. ಕೆಳಗೆ ದಡದಲ್ಲಿ ಸಂಜೆ ಸಂಜೆ ಕಲ್ಲಿನ ಮೇಲೆ ಕಲ್ಲು ನಿಲ್ಲಿಸುತ್ತಿದ್ದವನು ತಕ್ಕಡಿ ರಿಪೇರಿಯವನು. ಗುಲಗಂಜಿಯಷ್ಟು ವ್ಯತ್ಯಾಸವಿದ್ದರೂ ಬೆರಳ ತುದಿಯಲ್ಲೇ ಹಿಡಿಯುವ ಕೈ.

ಪರಿಚಯವಾದ ವಾರಕ್ಕೇ ಅವನು ಅಂದಿದ್ದ: "ಏಳು ಕಲ್ಲು ನಿಲ್ಲಲಿ, ನಿಮಗೊಂದು ಮಾತು ಹೇಳ್ತೀನಿ."

ಮೂರು ತಿಂಗಳಾಯಿತು. ಆರು ನಿಲ್ಲುತ್ತವೆ, ಏಳನೆಯದು ದೊಪ್ಪನೆ ಬೀಳುತ್ತದೆ. "ಹಾಳು ಗಾಳಿ!" ಎಂದು ಅವನು ಬೈಯುತ್ತಾನೆ. "ನಾಳೆ ಐದಕ್ಕೆ ಗಾಳಿ ಇಳಿಯುತ್ತೆ, ಬನ್ನಿ" ಎಂದು ಅವಳು ಸಮಾಧಾನ ಹೇಳುತ್ತಾಳೆ.

ಆ ದಿನ ಅವಳ ಬ್ಯಾಗಿನಲ್ಲಿ ಟ್ರಾನ್ಸ್‌ಫರ್ ಆರ್ಡರ್ ಇತ್ತು. ಬೆಳಗಾದರೆ ಬಸ್ಸು. ಆ ಮಾತು ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ. ಅದಕ್ಕೇ, ಗಾಳಿ ನಿಂತ ಗಳಿಗೆ ನೋಡಿ ಹೇಳಲೆಂದು, ಪುಟ್ಟ ಫ್ಯಾನಿನ ಗಾಳಿ ಮೀಟರನ್ನೂ ಹಿಡಿದುಕೊಂಡೇ ಇಳಿದು ಬಂದಳು.

ಆರು ನಿಂತವು. ಅವನು ಏಳನೆಯದನ್ನಿಟ್ಟು, ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ಮೆಲ್ಲಗೆ ಕೈ ಬಿಟ್ಟ. ದೊಪ್!

"ಹಾಳು ಗಾಳಿ!"

ಮೀಟರಿನ ಫ್ಯಾನು ಅಲುಗಿರಲೇ ಇಲ್ಲ. "ಯಾವ ಗಾಳಿ ರೀ? ಸೊನ್ನೆ ತೋರಿಸ್ತಿದೆ."

ಅವನ ಕಿವಿ ಕೆಂಪಾಯಿತು.

"ನಿಮ್ಮ ಕಿರುಬೆರಳು ಏನ್ಮಾಡ್ತಿತ್ತು?"

"ತಳ್ತಿತ್ತು."

"ಮೂರು ತಿಂಗಳಿಂದ?"

"ನಿಂತ್ರೆ ಹೇಳ್ಬೇಕಲ್ಲ. ಹೇಳಿ, ನೀವು ಬೇಡ ಅಂದ್ರೆ ಅಲ್ಲಿಗೆ ಮುಗೀತು. ಬಿದ್ರೆ ನಾಳೆನೂ ಬರ್ತೀರಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನಾನೇನು ಕಮ್ಮಿನಾ? ಐದಕ್ಕೆ ಇಳಿಯೋದು ಗಾಳಿ ಅಲ್ಲ, ಡ್ಯೂಟಿ ಮುಗಿಸಿ ನಾನು. ಇವತ್ತೊಂದಿನ ಗಾಳಿನೂ ನಿಜವಾಗಿ ಇಳಿದ್ಬಿಟ್ಟಿದೆ."

ಆರ್ಡರ್ ತೆಗೆದು ಕೊಟ್ಟಳು. ಅವನು ಎರಡು ಸಲ ಓದಿದ. ಏಳನೇ ಕಲ್ಲು ಎತ್ತಿಕೊಂಡ. ಅಷ್ಟರಲ್ಲಿ ಗಾಳಿ ಎದ್ದಿತು ನೋಡಿ, ದಡದ ದೋಣಿಗಳು ಮಗ್ಗುಲು ಬದಲಿಸಿದವು! ಅವನು ಕಲ್ಲಿಟ್ಟು ಕೈ ತೆಗೆಯುವಾಗ ಅವಳು ಆ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಲ್ಲು ನಿಂತಿತು.

"ಈಗ ಹೇಳಿ."

"ತಕ್ಕಡಿ ಎಲ್ಲಾ ಊರಲ್ಲೂ ಕೆಡುತ್ತೆ, ಅಲ್ವಾ?"

"ಇದಾ ಆ ಮಾತು?"

"ಅಲ್ಲ. ನಿಮ್ಮನ್ನ ಬಿಟ್ಟು ಇರಕ್ಕಾಗಲ್ಲ ಅನ್ನೋದು. ನಾನೂ ಬರ್ಲಾ?"

"ಬಸ್ಸು ಆರೂವರೆಗೆ. ಲೇಟಾಗಿ ಬಂದು ಗಾಳಿ ಅಂತ ನೆಪ ಹೇಳ್ಬೇಡಿ, ಮತ್ತೆ!"

ಆ ಏಳು ಕಲ್ಲು ಇವತ್ತಿಗೂ ಅಲ್ಲೇ ನಿಂತಿವೆ. ಅದಿರಲಿ, ನೀವು ಯಾರ ಮುಂದೆ ಕಿರುಬೆರಳಲ್ಲಿ ಕಲ್ಲು ಬೀಳಿಸುತ್ತಿದ್ದೀರಿ? ಹೆಸರು ಹೇಳಿ. ಅಲ್ಲಿಯವರೆಗೆ ನೀವು ಎದ್ದು ಓಡದ ಹಾಗೆ ನಿಮ್ಮ ಚಪ್ಪಲಿ ನನ್ನ ಹತ್ತಿರವೇ ಇರಲಿ.