ಮಹಾರಾಣಿ ಲಿಯೊಕಾಡಿಯಾಳ ಪ್ರಸವ

ಹಿಮ ಸುರಿಯುತ್ತಿದ್ದ ಆ ಮುಂಜಾನೆ ವಾಲ್ಡೋರ ರಾಜ್ಯದ ರಾಜಧಾನಿಯ ಇಗರ್ಜಿಗಳ ಘಂಟೆಗಳೆಲ್ಲ ಒಮ್ಮೆಲೇ ಮೊಳಗಿದವು. ಮೀನುಗಾರ್ತಿಯರು ಬುಟ್ಟಿಗಳನ್ನು ಬೀದಿಯಲ್ಲೇ ಬಿಟ್ಟು, ಸರದಾರರು ಅರೆಕ್ಷೌರದ ಮುಖದಲ್ಲೇ, ಅರಮನೆಯ ಮಹಾಸಭಾಂಗಣಕ್ಕೆ ಧಾವಿಸಿದರು. ಮಹಾರಾಣಿ ಲಿಯೊಕಾಡಿಯಾಳಿಗೆ ಪ್ರಸವವೇದನೆ ಆರಂಭವಾಗಿತ್ತು. ರಾಜಸಂತಾನವು ಪ್ರಜೆಗಳ ಕಣ್ಣೆದುರೇ ಜನಿಸಬೇಕೆಂಬುದು ಆ ನಾಡಿನ ಕಟ್ಟಳೆ. ಎಂಥ ಕಟ್ಟಳೆಯಪ್ಪಾ! ಹೆರುವವಳ ಸಂಕಟ ಆ ಕಟ್ಟಳೆ ಮಾಡಿದ ಗಂಡಸರಿಗೇನು ಗೊತ್ತು?

ಮಹಾರಾಜರು ಆ ಶರತ್ಕಾಲದಲ್ಲಷ್ಟೇ ರಣರಂಗದಲ್ಲಿ ಮಡಿದಿದ್ದರು. ಹುಟ್ಟುವ ಕೂಸೇ ಸಿಂಹಾಸನದ ಒಡೆಯ. ಕೂಸಿಲ್ಲವಾದರೆ ಮಹಾರಾಜರ ತಮ್ಮ ಡ್ಯೂಕ್ ಆಟ್ಮಾರ್. ಆ ಮಹಾನುಭಾವನೋ, ಅಂದು ಕರುಣೆಯ ಅವತಾರವೇ ಆಗಿಬಿಟ್ಟಿದ್ದ! "ಅತ್ತಿಗೆಯವರು ಪರದೇಶದವರು, ಲಜ್ಜಾಶೀಲರು, ಅವರನ್ನು ಜನರ ಕಣ್ಣಿಗೆ ಒಡ್ಡಲಾರೆ" ಎಂದು ಅಂತಃಪುರದ ಬಾಗಿಲಿಗೆ ತನ್ನ ಭಟರನ್ನು ನಿಲ್ಲಿಸಿದ.

ಪರಪುರುಷರೆದುರು ಕೈಗವಸನ್ನೂ ಕಳಚದ ನಾಡಿನಲ್ಲಿ ಬೆಳೆದ ರಾಣಿ, "ಸದ್ಯ, ಬದುಕಿದೆ!" ಎಂದು ನಿಟ್ಟುಸಿರಿಟ್ಟಳು.

ತವರಿನಿಂದ ಜೊತೆಗೆ ಬಂದಿದ್ದ ಸಖಿ ಬ್ರಿಗೀದಾ ಮಾತ್ರ ಅವಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು. "ತಾಯೀ, ಮುಚ್ಚಿದ ಕೋಣೆಯಲ್ಲಿ ಹುಟ್ಟಿದ ಕೂಸನ್ನು ನಾಳೆ ಎಲ್ಲಿಂದಲೋ ಕದ್ದು ತಂದದ್ದೆನ್ನುತ್ತಾರೆ. ಆಮೇಲೆ ಅದನ್ನು ಜೀವಸಹಿತ ಉಳಿಸುತ್ತಾರೆಯೆ?"

ರಾಣಿ ದಡಕ್ಕನೆ ಎದ್ದು ಕುಳಿತಳು. "ಜನರನ್ನು ಕರೆ, ಬ್ರಿಗೀದಾ!"

ಸಖಿ ಕದ ತೆರೆದಳು. ಭಟರು ಈಟಿಗಳನ್ನು ಅಡ್ಡವಿಟ್ಟರು. "ಡ್ಯೂಕರ ಅಪ್ಪಣೆ. ಯಾರೂ ಒಳಗೆ ಬರುವಂತಿಲ್ಲ."

"ಹಾಗಾದರೆ ನಾನೇ ಹೋಗುತ್ತೇನೆ" ಎಂದಳು ರಾಣಿ.

ಒಳಬರುವವರನ್ನು ತಡೆಯಲು ಕಾವಲಿಟ್ಟ ಡ್ಯೂಕ್, ಹೊರಹೋಗುವವರ ಮಾತನ್ನೇ ಮರೆತಿದ್ದ. ರಾಣಿಯ ಮೈ ಮುಟ್ಟಿದವನ ಕೈ ಕಡಿಯಬೇಕೆಂಬುದೂ ಅಲ್ಲಿಯ ಕಟ್ಟಳೆಯೇ ತಾನೆ? ಒಳಅಂಗಿಯಲ್ಲಿ, ಬರಿಗಾಲಲ್ಲಿ, ಸಖಿಯ ಹೆಗಲಿಗೆ ಜೋತುಬಿದ್ದು, ಭಯದಿಂದ ಹಲ್ಲು ಕಟಕಟಿಸುತ್ತ ಬಂದ ಮಹಾರಾಣಿಯೆದುರು ಭಟರು ಬೆಂಕಿ ಕಂಡವರಂತೆ ಹಿಂದೆ ಸರಿದರು.

ಸಭಾಂಗಣದ ನಡುವೆ ಅವಳು ಕುಸಿದಳು. ಮೀನುಗಾರ್ತಿಯೊಬ್ಬಳು ಓಡಿಬಂದು ತನ್ನ ಶಾಲು ಹಾಸಿದಳು. "ಹೆದರಬೇಡ ಮಗಳೇ, ತಿಣುಕು, ಇನ್ನೊಮ್ಮೆ!" ಸರದಾರರು ತಲೆ ತಗ್ಗಿಸಿದಾಗ ರಾಣಿಯೇ ಚೀರಿದಳು: "ತಗ್ಗಿಸಬೇಡಿ, ನೋಡಿ! ನಿಮ್ಮ ದಮ್ಮಯ್ಯ, ಎಲ್ಲರೂ ನೋಡಿ!"

ಕೂಸು ಅತ್ತಿತು. ಮೀನುಗಾರ್ತಿ ಅದನ್ನು ಎತ್ತಿಹಿಡಿದಳು. "ಈ ತಾಯಿಯ ಒಡಲಿನಿಂದಲೇ ಬಂತು! ನಾನು ಕಂಡೆ, ಊರೇ ಕಂಡಿತು!"

ಜನರ ದೃಷ್ಟಿಯೆಲ್ಲ ಸಿಂಹಾಸನದ ಪಕ್ಕದಲ್ಲಿ ನಿಂತಿದ್ದ ಡ್ಯೂಕನತ್ತ ತಿರುಗಿತು. ಬೇರೆ ದಾರಿ ಕಾಣದೆ ಅವನು ಕೂಸಿನೆದುರು ಮೊಣಕಾಲೂರಿ, "ಮಹಾರಾಜರಿಗೆ ಜಯವಾಗಲಿ" ಎಂದು ತೊದಲಿದ.

"ಬ್ರಿಗೀದಾ, ಎಲ್ಲರೂ ನೋಡಿದರೇನೆ?"

"ನೋಡಿದರು ತಾಯೀ."

"ಹಾಗಾದರೆ ನನಗೇನಾದರೂ ಹೊದಿಸೇ" ಎಂದು ಮಹಾರಾಣಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.