ಗೆರೆ ಇಲ್ಲದ ಸೀರೆ

ಯುಗಾದಿ ಮುಗಿದು ಎಂಟು ದಿನವಾಗಿತ್ತು. ಅಂದು ಶನಿವಾರ. ಬೇಸಿಗೆಯ ಬೆಳಗಿನ ಶಾಲೆ ಮುಗಿಸಿ ಪದ್ಮಶ್ರೀ ಮನೆಗೆ ಬಂದಾಗ ಹನ್ನೆರಡು ಗಂಟೆ. ಬಾಗಿಲ ಬೆಳಕಿನಲ್ಲಿ ಅಂದಪ್ಪ ಕಾಕಾ ಹೊಸ ಸೀರೆ ಎತ್ತಿ ಹಿಡಿದು ನಿಂತಿದ್ದರು.

"ಇಲ್ಲೊಂದು ಗೆರಿ. ಇಲ್ಲೊಂದು. ಇಲ್ನೋಡ್ರಿ, ಮತ್ತೊಂದು," ಎಂದರು.

ಮನೆಗೆ ನೂಲು ತಂದುಕೊಟ್ಟು, ನೇಯ್ದ ಸೀರೆ ಒಯ್ಯುವವರು ಅವರೇ. ಮಗ್ಗವೂ ಅವರದೇ. ಇಳಕಲ್ಲಿನ ಆ ಓಣಿಯಲ್ಲಿ ಮನೆಯೊಳಗೆ ಮಗ್ಗ ಉಳಿದಿದ್ದು ಇವರದೊಂದೇ.

ಪದ್ಮಶ್ರೀಯ ಅವ್ವ ಮಹೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರರ ಕರದಾಗ ತಟ್ಟನ ನಿಲ್ಲಿಸಿ, ಮತ್ತ ಸುರು ಮಾಡಿದ್ರ ಮಗ್ಗದ ಏಟು ಮೊದಲಿನಂಗ ಬೀಳೂದಿಲ್ಲರಿ ಅಣ್ಣಾರ. ಅಲ್ಲಿ ಗೆರಿ ಬೀಳತೈತಿ. ನಾನಾಗೇ ಹದ ನೋಡಿ ನಿಲ್ಲಿಸಿದ್ರ ಬೀಳೂದಿಲ್ಲ. ಮನಿ ಅಂದ ಮ್ಯಾಲೆ ಕರಿಯೂ ಮಂದಿ ಇದ್ದ ಇರ್ತಾರ."

"ಅದಕ್ಕ ಹೇಳಾಕ ಬಂದೇನಿ. ಮಗ್ಗ ನಮ್ಮ ಶೆಡ್ಡಿಗೆ ಒಯ್ತೇನಿ. ಮುಂಜಾನೆ ಎಂಟಕ್ಕ ಬರ್ರಿ, ಸಂಜಿ ಆರಕ್ಕ ಹೋಗ್ರಿ. ಅಲ್ಲಿ ಯಾರೂ ಕರಿಯೂದಿಲ್ಲ."

ಪದ್ಮಶ್ರೀಗೆ ಕೀಲಿ ಹಾಕಿದ ಬಾಗಿಲು ಕಣ್ಣಿಗೆ ಕಟ್ಟಿತು. ಅಪ್ಪ ಕಲ್ಲಿನ ಲಾರಿ ಮೇಲೆ ಹೋದರೆ ವಾರಕ್ಕೊಮ್ಮೆ ಬರುತ್ತಿದ್ದ. ಇನ್ನು ಮೇಲೆ ಅವ್ವನೂ ಇರುವುದಿಲ್ಲ.

"ಇನ್ನೊಂದ ಸೀರಿ ನೋಡ್ರಿ," ಅಂದಳು ಅವ್ವ. "ಬರೂ ಶನಿವಾರತನಕ. ಒಂದ ಗೆರಿ ಸಿಕ್ಕರೂ ಮಗ್ಗ ಒಯ್ರಿ."

ಸೋಮವಾರ ಮಧ್ಯಾಹ್ನ ಪದ್ಮಶ್ರೀ ಗಣಿತದ ನೋಟ್‌ಬುಕ್ ಹಿಡಿದು ಹೊಸ್ತಿಲ ಮೇಲೆ ಕುಳಿತಳು. ಒಳಗೆ ಮಗ್ಗ ಖಟಕ್ ಖಟಕ್ ಅನ್ನುತ್ತಿತ್ತು.

ಪಕ್ಕದ ಮನೆಯ ಜುಲೇಖಾ ಆಂಟಿ ಬಂದರು. "ನಿಮ್ಮವ್ವ ಎಲ್ಲದಾಳ?"

"ಡ್ಯೂಟಿ ಮ್ಯಾಲೆ ಅದಾಳ್ರಿ."

"ಒಳಗ ಮಗ್ಗದ ಸಪ್ಪಳಾ ಕೇಳಾಕತ್ತೈತಲ್ಲ?"

"ಅದ ಡ್ಯೂಟಿರಿ."

ಜುಲೇಖಾ ಆಂಟಿ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ನೀ ವಾಚ್‌ಮನ್ ಏನ? ಪಗಾರ ಎಷ್ಟು?"

"ಇನ್ನೂ ಹೇಳಿಲ್ಲರಿ."

"ಮೊದಲ ಕೇಳ್ಕೊಬೇಕವ್ವ," ಎಂದು ನಗುತ್ತ ತಮ್ಮ ಮನೆಯ ಕೀಲಿಕೈ ಕೊಟ್ಟು, ಸಂತೆಗೆ ಹೋದರು.

ಪದ್ಮಶ್ರೀ ಒಳಗೆ ಓಡಿದಳು. "ಅವ್ವಾ, ಜುಲೇಖಾ ಆಂಟಿ ಕೀಲಿಕೈ ಕೊಡಾಕ ಬಂದಿದ್ರು. ನಾನ ಕಳಿಸಿದೆ."

ಮಗ್ಗ ನಿಂತಿತು. "ಚಲೋ ಮಾಡಿದಿ." ಮತ್ತೆ ಖಟಕ್ ಖಟಕ್.

ಗ್ಯಾಸ್ ಸಿಲಿಂಡರಿನವನು ಬಂದ. ಪದ್ಮಶ್ರೀ ಕಟ್ಟೆಯ ಮೇಲೆಯೇ ಇಳಿಸಿಕೊಂಡಳು. ಮತ್ತೆ ಒಳಗೆ ಓಡಿದಳು. "ಅವ್ವಾ, ಸಿಲಿಂಡರ್ ಬಂತು. ನಿನ್ನ ಕರೀಲೇ ಇಲ್ಲ ನೋಡು."

ಮಗ್ಗ ನಿಂತಿತು. "ಶಾಣ್ಯಾಕಿ ಅದಿ."

ಹೊತ್ತು ಇಳಿಯುವಾಗ ಕಿಟಕಿಯ ಬೆಳಕು ಮಗ್ಗದ ಮೇಲೆ ಅಡ್ಡಲಾಗಿ ಬಿತ್ತು. ಅವ್ವ ಬಗ್ಗಿ ನೋಡಿ, ಮಗಳನ್ನು ಕರೆದಳು. ಬಟ್ಟೆಯಲ್ಲಿ ಕೂದಲೆಳೆಯಂಥ ಎರಡು ಗೆರೆಗಳಿದ್ದವು.

"ಯಾರ್ನೂ ಒಳಗ ಬಿಟ್ಟಿಲ್ಲ, ಅವ್ವಾ. ಖರೆ."

ಅವ್ವ ಮೊದಲ ಗೆರೆಯ ಮೇಲೆ ಬೆರಳಿಟ್ಟಳು. "ಇದು ಕೀಲಿಕೈ." ಎರಡನೆಯದರ ಮೇಲಿಟ್ಟಳು. "ಇದು ಸಿಲಿಂಡರು."

ಪದ್ಮಶ್ರೀ ಗೆರೆಗಳನ್ನು ನೋಡಿದಳು. ಜುಲೇಖಾ ಆಂಟಿ ಒಳಗೆ ಬಂದಿರಲಿಲ್ಲ. ಸಿಲಿಂಡರಿನವನೂ ಬಂದಿರಲಿಲ್ಲ. ಎರಡು ಸಲವೂ ಒಳಗೆ ಓಡಿ ಬಂದವಳು ತಾನೊಬ್ಬಳೇ.

ಅವ್ವ ಆಗಲೇ ಮಧ್ಯಾಹ್ನದಿಂದ ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದ್ದಳು.

"ಬೈ ಅವ್ವಾ, ನನ್ನ."

"ಬೈಕೋತ ಕುಂತ್ರ ಬಿಚ್ಚೂದು ಯಾವಾಗ? ಈ ತುದಿ ಹಿಡಿ."

ಪದ್ಮಶ್ರೀ ನೂಲಿನ ತುದಿ ಹಿಡಿದುಕೊಂಡಳು. ಕೊನೆಯ ಎಳೆ ಬರುವವರೆಗೆ ಬಿಡಲಿಲ್ಲ.

ಮಂಗಳವಾರದಿಂದ ಅವಳು ಒಳಗೆ ಓಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಳು. ಕೀಲಿಕೈ ಗೂಟಕ್ಕೆ ಹಾಕೇನಿ. ಹಾಲು ಮುಚ್ಚಿಟ್ಟೇನಿ. ಅಪ್ಪನ ಫೋನ್ ಬಂದಿತ್ತು, ಆರಾಮ ಅದಾನ. ಅವ್ವ ಊಟಕ್ಕೆ ಎದ್ದಾಗ ಅದನ್ನು ಓದಿ ನಗುತ್ತಿದ್ದಳು.

ಶುಕ್ರವಾರ ಮಾತ್ರ ಕಷ್ಟವಾಯಿತು. ಗಣಿತದ ಟೆಸ್ಟ್‌ನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದಿತ್ತು. ಶಾಲೆಯಿಂದ ಒಂದೇ ಓಟದಲ್ಲಿ ಬಂದಳು. ‘ಅವ್ವಾ’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು.

ಒಳಗೆ ಖಟಕ್ ಖಟಕ್.

ಪದ್ಮಶ್ರೀ ಬಾಯಿ ಮುಚ್ಚಿ ಹೊಸ್ತಿಲ ಮೇಲೆ ಕುಳಿತಳು. ಅದು ಬರೆದಿಡುವಂಥ ಸುದ್ದಿಯಾಗಿರಲಿಲ್ಲ. ಒಂದು ಕೋಳಿ ಬಂದು ಅವಳನ್ನು ನೋಡಿತು. ಅದಕ್ಕೆ ಟೆಸ್ಟಿನ ಹಾಳೆ ತೋರಿಸಿದಳು. ಅದು ಹೊರಟುಹೋಯಿತು.

ಬಹಳ ಹೊತ್ತಿನ ಮೇಲೆ ಮಗ್ಗ ತಾನಾಗಿಯೇ ನಿಂತಿತು. ಅವ್ವ ನೀರು ಕುಡಿಯಲು ಎದ್ದು ಬಂದಳು.

"ಯಾವಾಗ ಬಂದಿ?"

"ಈಗ."

ಅವ್ವ ಅವಳ ಕೈಯಲ್ಲಿನ ಹಾಳೆ ತೆಗೆದುಕೊಂಡಳು. ಅದು ಬೆವರಿನಿಂದ ಮೆತ್ತಗಾಗಿತ್ತು. ಹಾಳೆ ನೋಡಿದಳು. ಮಗಳ ಮುಖ ನೋಡಿದಳು. ಆಮೇಲೆ ನೀರಿನ ಚರಿಗೆಯನ್ನು ಮೊದಲು ಮಗಳ ಬಾಯಿಗೇ ಹಿಡಿದಳು.

ಮರುದಿನ ಶನಿವಾರ ಅಂದಪ್ಪ ಕಾಕಾ ಸೀರೆಯನ್ನು ಬಾಗಿಲಲ್ಲಿ ಬೆಳಕಿಗೆ ಹಿಡಿದರು. ಈ ತುದಿಯಿಂದ ಆ ತುದಿಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಈ ವಾರ ಯಾರೂ ಕರೀಲೇ ಇಲ್ಲೇನ್ರಿ?"

"ಕರಿಯಾಕ ಬಂದಿದ್ವಿರಿ," ಎಂದರು ತಮ್ಮ ಕಟ್ಟೆಯ ಮೇಲಿದ್ದ ಜುಲೇಖಾ ಆಂಟಿ. "ವಾಚ್‌ಮನ್ ಬಿಡಬೇಕಲ್ಲ."

ಪದ್ಮಶ್ರೀ ಅವ್ವನ ಕಡೆ ನೋಡಿದಳು. ಬಿಚ್ಚಿದ ನೂಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹನ್ನೆರಡೂವರೆಗೆ ಅಂದಪ್ಪ ಕಾಕಾ ಹೊಸ ನೂಲು ಇಟ್ಟು, ಸೀರೆ ಬಗಲಲ್ಲಿ ಹಿಡಿದುಕೊಂಡು ಹೋದರು. ಮಗ್ಗ ಇದ್ದಲ್ಲೇ ಇತ್ತು.