ನೆಲುವಿನ ಗಡಿಗೆಯಲ್ಲಿ ಸಲಮಾಂಡರ್

ಒಲೆ ಹಚ್ಚಲು ಬಂದ ಅಡುಗೆಯ ಹೂವಮ್ಮನ ಕಾಲಿಗೆ ಹಿತ್ತಾಳೆ ಲೋಟ ತಗುಲಿ ಉರುಳಿತು. ದೀಪ ಎತ್ತಿ ನೋಡಿದಳು. ಅಡುಗೆಮನೆಯ ಹೊಸ್ತಿಲ ಬಳಿ ಮನೆಯ ಯಜಮಾನ ಗುತ್ಯಪ್ಪ ಬಿದ್ದಿದ್ದರು. ಮೈ ಆಗಲೇ ತಣ್ಣಗಾಗಿತ್ತು.

ಜಂತಿಯಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಅಮೃತಬಳ್ಳಿ ಕಷಾಯದ ಗಡಿಗೆ ತೂಗುತ್ತಿತ್ತು. ಜ್ವರ ಬಂದು ಹೋದಮೇಲೆ ಗುತ್ಯಪ್ಪ ದಿನವೂ ಎದ್ದ ಕೂಡಲೇ ಅದನ್ನು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಮೇಲಿನ ಮುಚ್ಚಳ ಓರೆಯಾಗಿತ್ತು. ಹೂವಮ್ಮ ಗಡಿಗೆ ಇಳಿಸಿದಳು. ತಳದಲ್ಲಿ ಗೇಣುದ್ದದ ಕಪ್ಪು ಪ್ರಾಣಿಯೊಂದು ಸತ್ತು ಬಿದ್ದಿತ್ತು. ನಾಲ್ಕು ಕಾಲು, ಚಪ್ಪಟೆ ಬಾಲ, ಬೆನ್ನಿನ ಎರಡೂ ಬದಿಗೆ ಸಾಲಾಗಿ ಗಂಟುಗಳು.

ಅದು ಯಾರದೆಂದು ಆನವಟ್ಟಿಗೆಲ್ಲ ಗೊತ್ತಿತ್ತು. ಗುತ್ಯಪ್ಪನವರ ಹೊರಕೋಣೆಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಟೀಚರ್ ನೀಲಾಂಬಿಕ ಸಾಕಿದ್ದ ಜೋಡಿಯಲ್ಲಿ ಒಂದು. ಡಾರ್ಜಿಲಿಂಗಿನ ಗೆಳತಿಯೊಬ್ಬಳು ಕೊಟ್ಟದ್ದು. ಹೆಸರು ಸಲಮಾಂಡರ್. ಊರಿನ ಬಾಯಲ್ಲಿ ಟೀಚರಮ್ಮನ ಹಲ್ಲಿ.

ಹಲ್ಲಿ ಬಿದ್ದದ್ದನ್ನು ಕುಡಿದರೆ ಸಾವೇ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಜನ. ಇನ್ನು ಕೇಳಬೇಕೇ? ಸೊರಬದಿಂದ ಸಬ್ ಇನ್‌ಸ್ಪೆಕ್ಟರ್ ಆನಂದಪ್ಪ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಉಳಿದ ಇನ್ನೊಂದನ್ನು ಸುಡಲು ಅಂಗಳಕ್ಕೆ ಸೌದೆಯೂ ಬಂದಿತ್ತು.

* * *

ಬಚ್ಚಲ ಪಕ್ಕದ ತಂಪು ಮೂಲೆಯಲ್ಲಿ ಆ ಜೋಡಿಯನ್ನು ಇಟ್ಟಿದ್ದ ದೊಡ್ಡ ಮಣ್ಣಿನ ಬಾನಿ. ಸುತ್ತ ಒದ್ದೆ ಗೋಣಿ, ಒಳಗೆ ಪಾಚಿ, ಒಂದಿಷ್ಟು ನೀರು. ಮೇಲೆ ಮರದ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು.

ಆನಂದಪ್ಪ ಆ ಕಲ್ಲನ್ನೇ ನೋಡುತ್ತ ನಿಂತರು.

“ಬೆಳಿಗ್ಗೆಯಿಂದ ಇದನ್ನ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ ಸರ್,” ಎಂದಳು ನೀಲಾಂಬಿಕ. “ಮುಟ್ಟೋಕೆ ನನ್ನನ್ನ ಬಿಟ್ಟಿಲ್ಲ. ಬೇರೆಯವರು ಹತ್ರ ಬರಲ್ಲ.”

ತಪ್ಪಿಸಿಕೊಂಡು ಹೋದ ಪ್ರಾಣಿ ಹಿಂದಿರುಗಿ ನೋಡಿ ಮುಚ್ಚಳ ಹಾಕಿ, ಕಲ್ಲು ಹೇರಿ ಹೋಗುವುದಿಲ್ಲ. ಯಾರೋ ಕೈಯಾರೆ ತೆಗೆದಿದ್ದಾರೆ. ಹಾಗಾದರೆ ಇದು ಆಕಸ್ಮಿಕವಲ್ಲ, ಕೊಲೆ.

ಸೊರಬದ ಡಾಕ್ಟರು ಹೆಣವನ್ನೂ ಗಡಿಗೆಯನ್ನೂ ಪರೀಕ್ಷಿಸಿ ಅದನ್ನೇ ಹೇಳಿದರು. ಬಳ್ಳಿಯ ಚೂರುಗಳ ನಡುವೆ ಕಣಗಿಲೆ ಬೇರನ್ನು ಜಜ್ಜಿ ಹಾಕಲಾಗಿತ್ತು. ಕಹಿ ಕಷಾಯದಲ್ಲಿ ಇನ್ನೊಂದು ಕಹಿ ಯಾರಿಗೆ ತಿಳಿದೀತು? ಗುತ್ಯಪ್ಪನವರ ಎದೆ ನಿಲ್ಲಿಸಿದ್ದು ಆ ಬೇರು. ಪ್ರಾಣಿ ಬರೀ ನೆಪ.

ಆದರೆ ಇದರಿಂದ ನೀಲಾಂಬಿಕಳ ಕುತ್ತಿಗೆಗೆ ಹಗ್ಗ ಇನ್ನಷ್ಟು ಬಿಗಿಯಿತು. ಹಿಂದಿನ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹತ್ತಿದಾಗ, ಈ ಪ್ರಾಣಿಯಿಂದಲೇ ಕೇಡು ಬಂತೆಂದು ಗುಲ್ಲೆದ್ದಿತ್ತು. ಹೆದರಿದ ಗುತ್ಯಪ್ಪ ಕೋಣೆ ಖಾಲಿ ಮಾಡಲು ಹೇಳಿದ್ದರು. ಜಗಳವಾಗಿತ್ತು. ಕಣಗಿಲೆ ಗಿಡ ಅವಳ ಕಿಟಕಿಯ ಕೆಳಗೇ ಇತ್ತು. ಸಾಕ್ಷಿ ಹೇಳಲು ಅರ್ಧ ಊರು ಸಾಲುಗಟ್ಟಿತ್ತು. ಒಂಟಿ ಹೆಣ್ಣು, ಪರವೂರಿನವಳು. ಇವತ್ತು ಜೀಪು ಹತ್ತಿದರೆ ನಾಳೆ ಕೋರ್ಟು ಬಿಟ್ಟರೂ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಆನಂದಪ್ಪನವರಿಗೂ ಗೊತ್ತಿತ್ತು.

* * *

ಗುತ್ಯಪ್ಪನವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಹುಲಿಯಪ್ಪ ಅದೇ ಮನೆಯಲ್ಲಿ ಬೆಳೆದು, ಮದುವೆಯಾಗಿ, ಗದ್ದೆ ತೋಟ ನೋಡಿಕೊಂಡಿದ್ದ. ಜಗುಲಿಯ ಕಂಬಕ್ಕೊರಗಿ ಕೂತಿದ್ದವನ ಬಲಗಣ್ಣು ಬಾತು ಕೆಂಪಗಾಗಿತ್ತು. ಅತ್ತಿದ್ದಾನೆ ಎಂದುಕೊಂಡರು ಆನಂದಪ್ಪ. ಹೆಣ ಇನ್ನೂ ಮನೆಯಲ್ಲೇ ಇತ್ತು.

ಅವನು ಕೇಳುವ ಮುಂಚೆಯೇ ಹೇಳತೊಡಗಿದ. ಯುಗಾದಿಗೆ ದೊಡ್ಡಪ್ಪ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವವರಿದ್ದರಂತೆ. ಶಿಕಾರಿಪುರದಲ್ಲಿರುವ ದೊಡ್ಡಮ್ಮನ ತಂಗಿಯ ಮಗನೇ ಇರಬೇಕು ಎಂದು ಅವನ ಊಹೆ. ನಿನ್ನೆ ಸಂಜೆ ಊಟಕ್ಕೆ ಕೂತಾಗ ಆ ಮಾತು ಬಂದಿತ್ತು.

“ದತ್ತು ಅನ್ನೋ ಮಾತು ಬರ್ತಿದ್ದಂಗೆ ಮ್ಯಾಲೆ ಹಲ್ಲಿ ಲೊಚಗುಟ್ತು ಸಾಹೇಬ್ರೇ. ದೊಡ್ಡಪ್ಪ ನೆಲ ಬಡಿದು ‘ಸತ್ಯ’ ಅಂದ್ರು. ತಲೆ ಎತ್ತಿ ನೋಡ್ತೀನಿ, ಟೀಚರಮ್ಮಂದೇ. ಜಂತಿ ಮ್ಯಾಲೆ ಸರಸರ ಓಡ್ತು. ಆಗ್ಲೇ ಹೊಡೆದು ಹಾಕ್ಬೇಕಿತ್ತು ನಾನು.”

ಆನಂದಪ್ಪ ತಲೆಯಾಡಿಸಿದರು. ನಂಬುವಂಥ ಮಾತು. ಅವರ ಮನೆಯಲ್ಲೂ ಹಲ್ಲಿ ನುಡಿದರೆ ಅಜ್ಜಿ ನೆಲ ಬಡಿಯುತ್ತಿದ್ದಳು.

* * *

ನೀಲಾಂಬಿಕಳನ್ನು ಕರೆದೊಯ್ಯುವ ಮುಂಚೆ ಕೊನೆಗೊಮ್ಮೆ ಪ್ರಶ್ನೆ ಕೇಳಲು ಬಾನಿಯ ಬಳಿ ಹೋದರು. ಅವಳು ಬಾಳೆ ಬುಡದಿಂದ ಅಗೆದ ಎರೆಹುಳವನ್ನು ಉಳಿದ ಪ್ರಾಣಿಯ ಮೂಗಿನ ಮುಂದೆ ಆಡಿಸುತ್ತಿದ್ದಳು. ತಿನ್ನಿಸಿ ಹೋಗಲೇ ಎಂದು ಅಪ್ಪಣೆ ಕೇಳಿದಳು. ಅಲುಗಾಡದ ಹುಳ ಇದಕ್ಕೆ ಕಾಣುವುದಿಲ್ಲವಂತೆ. ಹಲ್ಲಿಯ ಜಾತಿಯೇ ಅಲ್ಲವಂತೆ, ಕಪ್ಪೆಯ ನೆಂಟ. ಅರ್ಧ ಉಸಿರನ್ನು ಚರ್ಮದಿಂದಲೇ ಎಳೆದುಕೊಳ್ಳುತ್ತದೆ, ಚರ್ಮ ಒಣಗಿದರೆ ಸತ್ತೇಹೋಗುತ್ತದೆ.

ಆನಂದಪ್ಪನವರ ಕೈ ಟೋಪಿಯ ಮೇಲೆಯೇ ನಿಂತಿತು. ಈ ಬಿಸಿಲುಗಾಲದಲ್ಲಿ, ಕೆಂಡದಂತೆ ಕಾದ ಹೆಂಚಿನಡಿಯ ಜಂತಿಯ ಮೇಲೆ?

“ಇದು ಕೂಗುತ್ತಾ?”

“ಎರಡು ವರ್ಷದಿಂದ ಸಾಕಿದೀನಿ. ಒಂದು ಸದ್ದು ಕೇಳಿಲ್ಲ.” ಅವಳು ಬಾನಿಯಿಂದ ಕೈ ತೆಗೆದು ಮತ್ತೊಮ್ಮೆ ತೊಳೆದುಕೊಂಡಳು.

“ನೀವು ಪ್ರತಿ ಸಲ ಕೈ ತೊಳಿಯೋದು ಯಾಕೆ?”

“ಬೆನ್ನಿನ ಗಂಟು ಅದುಮಿದ್ರೆ ಹಾಲಿನಂಥ ರಸ ಬರುತ್ತೆ. ಗೊತ್ತಿಲ್ದೆ ಕಣ್ಣುಜ್ಜಿಕೊಂಡ್ರೆ ಉರಿದು ಬಾತ್ಕೊಳ್ಳುತ್ತೆ.”

* * *

ಹೆಣ ಸುಟ್ಟು ಎಲ್ಲರೂ ಮರಳಿದ ಮೇಲೆ ಆನಂದಪ್ಪ ಮನೆಯವರನ್ನು ಅಡುಗೆಮನೆಗೆ ಕರೆದರು. ನೀಲಾಂಬಿಕ ಕೈ ಒದ್ದೆ ಮಾಡಿಕೊಂಡು ಪ್ರಾಣಿಯನ್ನು ತಂದು ನೆಲುವಿನ ಹಗ್ಗಕ್ಕೆ ಹಿಡಿದಳು. ಅದು ತೆವಳಲು ನೋಡಿತು. ಉಗುರಿಲ್ಲದ ಮೆತ್ತನೆ ಬೆರಳುಗಳು ಒಣ ಹಗ್ಗದ ಮೇಲೆ ಜಾರಿದವು. ಅವಳ ಅಂಗೈಗೇ ಬಿತ್ತು. ಮತ್ತೆ ಹಿಡಿದಳು. ಮತ್ತೆ ಬಿತ್ತು.

“ಹುಲಿಯಪ್ಪ,” ಎಂದರು ಆನಂದಪ್ಪ. “ಹಗ್ಗ ಹಿಡಿಯೋಕೆ ಬರದ್ದು ಜಂತಿ ಮೇಲೆ ಓಡಲ್ಲ. ದನಿಯೇ ಇಲ್ಲದ್ದು ಲೊಚಗುಟ್ಟಲ್ಲ. ನೀನು ಕಂಡಿದ್ದೀಯ ಅಂದದ್ದು ಮನೆ ಹಲ್ಲಿ ಮಾಡೋ ಕೆಲಸ. ಇದನ್ನೂ ಹಲ್ಲಿ ಅಂತಲೇ ತಿಳ್ಕೊಂಡಿದ್ದೆ, ಅದಕ್ಕೇ ಆ ಕಥೆ ಕಟ್ಟಿದೆ.”

ಹುಲಿಯಪ್ಪ ಬಲಗಣ್ಣು ಒರೆಸಿಕೊಂಡ.

“ಒಂದೇ ಕಣ್ಣು ಬಾತಿದೆಯಲ್ಲ, ಯಾಕೆ?”

“ಚಿತೆಗೆ ಹಿಡಿದ ಸೂಡಿ ಹೊಗೆ ತಗಲ್ತು.”

“ಚಿತೆ ಹಚ್ಚೋಕೆ ಮುಂಚೆಯೇ ಬಾತಿತ್ತು. ಜಗುಲಿ ಮೇಲೆ ನಾನೇ ನೋಡಿದೀನಿ. ಪ್ರಾಣಿನ ಗಟ್ಟಿಯಾಗಿ ಹಿಡ್ಕೊಂಡು ಗಡಿಗೆಗೆ ಹಾಕಿದ ಕೈಲಿ ಕಣ್ಣುಜ್ಜಿಕೊಂಡಿದ್ದೀಯ. ಅಭ್ಯಾಸಬಲದಿಂದ ಬಾನಿಗೆ ಮುಚ್ಚಳ ಹಾಕಿ ಕಲ್ಲನ್ನೂ ಇಟ್ಟು ಬಂದಿದ್ದೀಯ.”

ಹುಲಿಯಪ್ಪ ಗೋಡೆಗೊರಗಿದ.

“ಚಿಕ್ಕಂದಿನಿಂದ ಗೇದಿದೀನಿ ಸಾಹೇಬ್ರೇ,” ಎಂದ ಕೊನೆಗೆ. “ಗದ್ದೆ ಬದು ಬದುವೂ ನನ್ನ ಕೈಯಿಂದ ಎದ್ದದ್ದು. ಎಲ್ಲಾ ಆ ಶಿಕಾರಿಪುರದ ಹುಡುಗನ ಪಾಲಾಗ್ತಿತ್ತು.”

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಗುತ್ಯಪ್ಪನವರ ಹೆಂಡತಿ ಬಂಗಾರಮ್ಮ ತಲೆ ಎತ್ತಿದರು. ಅವನಿಗೆ ಅನ್ನ ಕಲಸಿ ತಿನ್ನಿಸಿ ಬೆಳೆಸಿದವರು ಅವರೇ.

“ಶಿಕಾರಿಪುರದ ಹುಡುಗ ಅಂತ ನಿಂಗೆ ಯಾರು ಹೇಳಿದ್ರೋ? ಅವರು ಕೇಳಬೇಕು ಅಂತಿದ್ದದ್ದು ನಿನ್ನ ಚಿಕ್ಕ ಮಗನ್ನ. ಯುಗಾದಿ ದಿನ ಬೇವುಬೆಲ್ಲ ಕೊಟ್ಟು ಕೇಳ್ತೀನಿ, ಅಲ್ಲೀತನಕ ಹುಲಿಯಂಗೆ ಹೇಳಬ್ಯಾಡ ಅಂದಿದ್ರು.”

ನೀಲಾಂಬಿಕ ಪ್ರಾಣಿಯನ್ನು ಸೆರಗಿನ ಒದ್ದೆ ತುದಿಯಲ್ಲಿ ಸುತ್ತಿಕೊಂಡು ಮೆಲ್ಲಗೆ ಹೊರಟಳು. ಅಂಗಳದಲ್ಲಿ ಯಾರೋ ಸೌದೆ ಎತ್ತುತ್ತಿದ್ದರು.

ಕಾನ್‌ಸ್ಟೇಬಲ್ ಬೇಡಿ ಹಿಡಿದು ಮುಂದೆ ಬಂದ. ಹುಲಿಯಪ್ಪ ದೊಡ್ಡಮ್ಮನ ಮುಖವನ್ನೇ ನೋಡುತ್ತ ಎರಡೂ ಕೈ ಚಾಚಿದ. ಆಗ ಅವನ ಎರಡು ಕಣ್ಣಿನಿಂದಲೂ ನೀರು ಇಳಿಯಿತು.